ತುರಿಸಿಕೊಳ್ಳಲು ಕೈಯಿಲ್ಲದವರು

ನಮ್ಮ ಕಾಕಾ ಜೀವಮಾನದಲ್ಲಿ ಲಕ್ಷಗಟ್ಟಲೆ ಮೀನು ಸಾಕಿದರು. ಒಂದರ ರುಚಿಯೂ ಅವರಿಗೆ ಗೊತ್ತಿರಲಿಲ್ಲ. ಕೊರಳಲ್ಲಿ ಲಿಂಗ, ಕೈಯಲ್ಲಿ ಬಲೆ! ಭಾಲ್ಕಿ ಕಡೆಯ ಕಟ್ಟಾ ಲಿಂಗಾಯತರಿಗೆ ನಾಶಿಕದಲ್ಲಿ ಮೀನುಮರಿ ಸಾಕುವ ನೌಕರಿ ಹೇಗೆ ಗಂಟುಬಿತ್ತು? ಅರ್ಜಿ ಹಾಕುವಾಗ ‘ಸರಕಾರಿ’ ಎಂಬುದನ್ನು ಓದಿ ಅಲ್ಲಿಗೇ ನಿಲ್ಲಿಸಿದ್ದರಂತೆ. ಊರಿನಲ್ಲಿ ಯಾರಾದರೂ ಕೇಳಿದರೆ ‘ನೀರಿನ ಖಾತೆ’ ಎನ್ನುತ್ತಿದ್ದರು. ಸುಳ್ಳೇನಲ್ಲ, ಮೀನು ಇರುವುದು ನೀರಿನಲ್ಲೇ ತಾನೆ!

ಅವರ ಅಣ್ಣನ ಮಗಳಾದ ನಾನು ಆಗ ನಾಶಿಕದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತ ಅವರ ಮನೆಯಲ್ಲೇ ಇದ್ದೆ. ಮನೆಯೊಳಗೆ ಮೀನು ಎಂಬ ಶಬ್ದಕ್ಕೇ ಕಾಕಾನ ಹೆಂಡತಿ, ನಮ್ಮ ಕಾಕು, ನಿಷೇಧ ಹಾಕಿದ್ದರು. ಹಾಗಾಗಿ ಕಾಕಾ ‘ಹುಡುಗರು’ ಎನ್ನುತ್ತಿದ್ದರು. ಹುಡುಗರು ಇವತ್ತು ಸರಿಯಾಗಿ ಉಣ್ಣಲಿಲ್ಲ ಎಂದು ಅವರು ರೊಟ್ಟಿ ಮುರಿಯುತ್ತ ನಿಟ್ಟುಸಿರು ಬಿಟ್ಟರೆ, ಬಂದ ನೆಂಟರು ನಿಮಗೆಷ್ಟು ಮಕ್ಕಳು ಎಂದು ಕೇಳಿಬಿಡುತ್ತಿದ್ದರು. ಕಾಕಾ ಸ್ವಲ್ಪ ಯೋಚಿಸಿ ನಲವತ್ತು ಸಾವಿರ ಎನ್ನುತ್ತಿದ್ದರು!

ಪೈಠಣದ ಅಣೆಕಟ್ಟೆಯಲ್ಲಿ ಆಗಷ್ಟೇ ನೀರು ನಿಂತಿತ್ತು. ಈ ಹುಡುಗರೆಲ್ಲ ಅಲ್ಲಿಗೆ ಹೋಗಬೇಕಾದವರು. ಹೊರಡುವ ಹೊತ್ತಿಗೆ ಅವಕ್ಕೆ ತುರಿಕೆ ಹತ್ತಿತು. ಕೊಳದ ಗೋಡೆಗೆ ಮೈ ಉಜ್ಜುವುದೇನು, ನೀರಿನಿಂದ ಚಂಗನೆ ಹಾರುವುದೇನು! ಫ್ಲೂಕ್ ಎಂಬ ಚಪ್ಪಟೆ ಹುಳ ಮೈಗೆ ಕಚ್ಚಿಕೊಂಡಿತ್ತು. ಸೋಮವಾರದೊಳಗೆ ವಾಸಿಯಾಗದಿದ್ದರೆ ಕೊಳಕ್ಕೆ ಸುಣ್ಣ ಸುರಿದು ಎಲ್ಲವನ್ನೂ ಹೂಳಿಬಿಡಿ ಎಂದು ಖಾತೆಯ ಸಾಹೇಬರು ಹೇಳಿ ಹೋದರು.

ಕಾಕಾ ಅಂದು ಊಟ ಬಿಟ್ಟರು. ಹೇಗೂ ಕಡೆಗೆ ಜನ ತಿನ್ನುವ ಮೀನೇ ಅಲ್ಲವೇ ಎಂದು ನಾನು ಛೇಡಿಸಿದೆ.

“ತಿನ್ನೋರು ತಿನ್ಲಿ ತಂಗಿ. ಅಲ್ಲೀತನಕ ತುರಿಸ್ಕೋತ ಯಾಕಿರ್ಬೇಕು? ನಮಗಾದ್ರ ಕೈ ಅದಾವ. ಅವಕ್ಕೇನದಾವ?”

ಮರುದಿನ ಒಂದು ಮರಿಯನ್ನು ಬಾಟಲಿಯಲ್ಲಿ ಹಾಕಿಕೊಂಡು ನಮ್ಮ ಶಾಲೆಗೇ ಬಂದರು. ಸೂಕ್ಷ್ಮದರ್ಶಕದಡಿ ಹುಳ ಕಂಡಿತು. ಬಾಲದ ಕೊಕ್ಕೆಗಳಿಂದ ಮೀನಿನ ಚರ್ಮ ಹಿಡಿದಿದೆ, ಹೊಟ್ಟೆಯಲ್ಲೊಂದು ಮರಿ, ಆ ಮರಿಯ ಹೊಟ್ಟೆಯಲ್ಲಿ ಆಗಲೇ ಇನ್ನೊಂದು! ಇದನ್ನು ವಿವರಿಸಿದ್ದೇ ನನ್ನ ತಪ್ಪಾಯಿತು. ಕಾಕಾನ ಮುಖ ಸಪ್ಪಗಾಯಿತು. ಮೀನು ಉಳಿಯಬೇಕಾದರೆ ಹುಳ ಸಾಯಬೇಕು. ಹುಳವೋ ತುಂಬು ಬಸುರಿ! ಜೀವ ತೆಗೆಯದ ಮನೆತನದವರು ಏನು ಮಾಡಬೇಕು? ಇಡೀ ಸಂಜೆ ಇದೇ ಚಿಂತೆ. ಕಡೆಗೆ ಕಾಕುವೇ ರೇಗಿದರು.

“ಯಾರಾದ್ರೂ ಒಬ್ಬರ ಕಡೀಗಿ ಆಗ್ರಿ. ಇಲ್ಲಾ ಹುಳದ ಕಡೀಗಿ, ಇಲ್ಲಾ ಹುಡುಗರ ಕಡೀಗಿ.”

ಕಾಕಾ ಹುಡುಗರ ಕಡೆಗಾದರು. ಉಪಾಯ ಸರಳ: ಉಪ್ಪುನೀರಿನಲ್ಲಿ ಮೀನನ್ನು ಕೆಲವೇ ನಿಮಿಷ ಅದ್ದಿ ತೆಗೆದರೆ ಹುಳ ಉದುರುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಮೀನೇ ಹೋಗುತ್ತದೆ. ಗಡಿಯಾರ ನನ್ನ ಕೈಯಲ್ಲಿ, ಬಲೆ ಅವರ ಕೈಯಲ್ಲಿ. ಮೊದಲ ಬಲೆ ಅದ್ದಿದವರೇ ಅದನ್ನು ತೊಟ್ಟಿಯ ಅಂಚಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತರು. ಹುಳಗಳಲ್ಲಿ ಕ್ಷಮೆ ಕೇಳುತ್ತಿದ್ದರು! ತಾಯಂದಿರಿಗೆ, ಹೊಟ್ಟೆಯಲ್ಲಿದ್ದವರಿಗೆ, ಅವರ ಹೊಟ್ಟೆಯಲ್ಲಿದ್ದವರಿಗೆ. ಮೂರು ತಲೆಮಾರಿನ ಕ್ಷಮೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆಯೇ?

“ಆಮ್ಯಾಲೆ ಕೇಳ್ರಿ ಕಾಕಾ, ಹುಡುಗರು ಮಗ್ಗಲಾಗ್ಲಾಕತ್ತಾರ,” ಎಂದು ನಾನೇ ಬಲೆ ಎಳೆದೆ.

ಆಮೇಲೆ ಆ ಮೀನುಗಳಲ್ಲಿಯೂ ಕ್ಷಮೆ ಕೇಳಿದರು.

ಸೋಮವಾರ ಸಾಹೇಬರು ಬಂದು ನೋಡಿದಾಗ ಒಂದೂ ತುರಿಸಿಕೊಳ್ಳುತ್ತಿರಲಿಲ್ಲ. ಮರಿಗಳು ಪೀಪಾಯಿಗಳಲ್ಲಿ ಲಾರಿ ಏರಿದವು. ಶಾಲೆಗೆ ರಜೆ ಇದ್ದುದರಿಂದ ನಾನೂ ಹೊರಟೆ. ದಾರಿಯುದ್ದಕ್ಕೂ ಕಾಕಾ ಪೀಪಾಯಿಯಿಂದ ಪೀಪಾಯಿಗೆ ಹೋಗಿ ಕೈಯಿಂದ ನೀರು ಕಲಕುತ್ತಿದ್ದರು. ಪೈಠಣದಲ್ಲಿ ಎಲ್ಲವೂ ಹೊಸ ನೀರಿಗೆ ಇಳಿದವು. ಕೊನೆಯ ಪೀಪಾಯಿಯಲ್ಲಿ ಒಂದೇ ಒಂದು ಮರಿ ಉಳಿದು ತಗಡಿಗೆ ಮೈ ಉಜ್ಜುತ್ತಿತ್ತು. ಇಷ್ಟು ದೊಡ್ಡ ನೀರಿನಲ್ಲಿ ಯಾರಿಗೆ ತಿಳಿಯುತ್ತದೆ, ಬಿಟ್ಟುಬಿಡಿ ಎಂದ ಲಾರಿಯವನು. ಒಂದರಿಂದಲೇ ಎಲ್ಲಕ್ಕೂ ಹತ್ತುತ್ತದೆ ಎಂದರು ಕಾಕಾ. ದಣಿದ ಮರಿಗೆ ಈಗಲೇ ಉಪ್ಪುನೀರು ತಾಳದು, ಮನೆಗೆ ಒಯ್ದು ಸುಧಾರಿಸಿಕೊಳ್ಳಲು ಬಿಟ್ಟು ನೋಡೋಣ ಎಂದು ಕುಡಿಯುವ ತಂಬಿಗೆಯಲ್ಲೇ ಹಾಕಿಕೊಂಡು ಎಸ್.ಟಿ. ಬಸ್ಸು ಹತ್ತಿದರು.

ಪೈಠಣದಿಂದ ತಂಬಿಗೆ ಹಿಡಿದು ಬಂದವರೆಂದರೆ ಅದು ಗೋದಾವರಿ ತೀರ್ಥವೇ ಎಂದು ಜನ ಎದ್ದು ಜಾಗ ಕೊಟ್ಟರು. ಒಬ್ಬ ಅಜ್ಜಿ ಬೆರಳು ಅದ್ದಿ ಕಣ್ಣಿಗೊತ್ತಿಕೊಂಡಳು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಔರಂಗಾಬಾದ ದಾಟಿ ವೈಜಾಪುರದಲ್ಲಿ ಬಸ್ಸು ನಿಂತಾಗ ಕಾಕಾಗೆ ಜೊಂಪು ಹತ್ತಿತ್ತು. ನೀರು ಬದಲಿಸಲೆಂದು ನಾನು ತಂಬಿಗೆ ತೆಗೆದುಕೊಂಡು ಇಳಿದೆ. ಮರಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಕಾಕಾನ ನಡೆನುಡಿಯನ್ನೆಲ್ಲ ನಟಿಸಿ ತೋರಿಸಿ ಶಾಲೆಯ ಮಾಸ್ತರಿಣಿಯರನ್ನು ನಗಿಸುತ್ತಿದ್ದವಳು ನಾನು. ಅವತ್ತು ಸತ್ತ ಮರಿಯನ್ನು ಚೆಲ್ಲಲೂ ಮನಸ್ಸಾಗಲಿಲ್ಲ. ಹೊಸ ನೀರು ತುಂಬಿ ಮರಳಿದೆ. ಕಾಕಾ ಕಣ್ಣು ಬಿಟ್ಟು ಹೇಗಿದ್ದಾನೆ ಎಂದರು.

“ಆರಾಮ ಅದಾನ್ರಿ. ಮಲಗ್ಯಾನ.”

ಅವರು ಒಳಗೆ ನೋಡಲೇ ಇಲ್ಲ. ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ, ಹೊಂಡ ಬಂದಾಗಲೆಲ್ಲ ಮೆಲ್ಲಗೆ ಮೇಲೆತ್ತಿ ಹಿಡಿಯುತ್ತ ನಾಶಿಕದವರೆಗೂ ಕೂತರು. ಬಸ್ಸಿಳಿದ ಮೇಲೆ ನನ್ನ ಕಡೆ ತಿರುಗಿದರು.

“ಔರಂಗಾಬಾದದಾಗೇ ಹೋಗಿತ್ತು ತಂಗಿ. ನಿಂಗ ಕೆಟ್ಟನಸ್ತದಂತ ಹೇಳಿರಲಿಲ್ಲ.”

ಆ ಜನಜಂಗುಳಿಯ ನಡುವೆ ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.