ಹುಲ್ಲು ಮಿಷನ್ನಿಗೆ ಹಲ್ಲು ಹಾಕಿಸಿದ್ದು

೧೯೪೬ ಆಗಸ್ಟ್ ೧೧, ಭಾನುವಾರ. ಬರೆಯಲು ಕೂತಾಗ ಬೆಳಿಗ್ಗೆ ಆರೂಕಾಲು.

ನನ್ನ ಸೋದರಮಾವನಷ್ಟು ಶುಚಿಯಾದ ಮನುಷ್ಯ ಮಳವಳ್ಳಿ ತಾಲ್ಲೂಕಿನಲ್ಲೇ ಇಲ್ಲ. ಆ ಶುಚಿ ಅವನ ಮೈಮೇಲೆ ಮಾತ್ರ ಕಾಣುವುದಿಲ್ಲ. ಅದೆಲ್ಲ ಪ್ರವಾಸಿ ಬಂಗಲೆಯ ಹುಲ್ಲು ಕತ್ತರಿಸುವ ಮಿಷನ್ನಿಗೆ ಖರ್ಚಾಗಿರುತ್ತದೆ. ಮಾವ ಆ ಬಂಗಲೆಯ ಮಾಲಿ. ತಾಲ್ಲೂಕು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾದ ನಾನು ಅವನ ಮನೆಯಲ್ಲೇ ಉಂಡು ಮಲಗುವವನು. ಲೆಕ್ಕ ಇಡುವುದು ನನ್ನ ಚಟ. ಜೂನ್ ತಿಂಗಳಲ್ಲಿ ಮಾವ ತಲೆಗೆ ಎಣ್ಣೆ ಹಚ್ಚಿಕೊಂಡದ್ದು ಎರಡು ಸಲ, ಮಿಷನ್ನಿಗೆ ಹಚ್ಚಿದ್ದು ಹದಿನೇಳು ಸಲ.

"ನಿಮ್ ಮಾವುನ್ನ ಮದ್ವೆ ಆಗೋ ಬದ್ಲು ಆ ಮಿಸನ್ನಾಗಿ ಉಟ್ಟಿದ್ರೆ ಸುಕವಾಗಿರ್ತಿದ್ದೆ ಕಣಪ್ಪ" ಎಂದು ಅತ್ತೆ ನನ್ನ ಹತ್ತಿರ ದೂರುತ್ತಿದ್ದಳು. ಅವಳಾದರೂ ಏನು ಮಾಡಿಯಾಳು? ಹರಳೆಣ್ಣೆ ಸಿಗುವುದೇ ಕಷ್ಟವಾದ ಕಾಲ ಇದು.

ಆ ಮಿಷನ್ನು ಕೈಯಲ್ಲಿ ತಳ್ಳುವಂಥದ್ದು. ಎರಡು ಚಕ್ರದ ನಡುವೆ ಬಾಗಿದ ಅಲಗುಗಳ ಉರುಳೆ, ಅದರ ಕೆಳಗೆ ನೇರವಾದ ಉಕ್ಕಿನ ಪಟ್ಟಿ. ಎರಡರ ನಡುವೆ ಸಿಕ್ಕ ಹುಲ್ಲು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. ಕೆಲಸ ಮುಗಿದೊಡನೆ ಮಾವ ತೆಂಗಿನ ನಾರಿನಿಂದ ಹುಲ್ಲು ಉಜ್ಜಿ ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಎಣ್ಣೆ ಹಚ್ಚಿ, ಕೊನೆಗೆ ಅಲಗಿನ ನಡುವೆ ಒಂದು ಚೂರು ಕಾಗದ ಇಟ್ಟು ಉರುಳೆ ತಿರುಗಿಸುತ್ತಿದ್ದ. ಕಾಗದ ಸರಕ್ಕನೆ ತುಂಡಾದರೆ ಮಿಷನ್ನು ಸರಿಯಿದೆ ಎಂದರ್ಥ. ಕಾಗದಕ್ಕೂ ಬರ. ಮಾವನ ಕೈಗೆ ಸಿಗುತ್ತಿದ್ದುದು ನನ್ನ ದಿನಚರಿ. ಹೀಗೆ ಮೇ ತಿಂಗಳಲ್ಲಿ ನನ್ನ ನಾಲ್ಕು ದಿನಗಳು ಮಾಯವಾದವು.

"ಮಾವ, ಆ ದಿನಗಳಲ್ಲಿ ಏನೇನಾಯಿತು ಅಂತ ಇನ್ನು ಹೇಗೆ ತಿಳಿಯುವುದು?"

"ಏನಾಗಿರ್ತದ್ಲಾ? ಉಂಡಿರ್ತೀಯ, ಮಲ್ಗಿರ್ತೀಯ."

ದಿನಚರಿ ತಿರುವಿದೆ. ಉಳಿದ ದಿನಗಳಲ್ಲೂ ಹೆಚ್ಚೇನೂ ಇರಲಿಲ್ಲ.

ಜುಲೈ ತಿಂಗಳಲ್ಲಿ ಮಾವ ಮೊಮ್ಮಗನ ನಾಮಕರಣಕ್ಕೆಂದು ಬಸರಾಳಿಗೆ ಹೊರಟ. ಅವನು ಹಿಂದಿರುಗುವ ಶನಿವಾರವೇ ಮಂಡ್ಯದಿಂದ ದೊಡ್ಡ ಅಧಿಕಾರಿಯೊಬ್ಬರು ಬಂಗಲೆಗೆ ಬರುವವರಿದ್ದರು.

"ಸನಿವಾರ ಒತ್ತಾರೆ ಬಂದು ನಾನೇ ಉಲ್ಲು ಒಡೀತೀನಿ. ನೀನು ಮಿಸನ್ ಮುಟ್ಬ್ಯಾಡ ಕಣ್ಲಾ."

ಮುಟ್ಟದೆ ಇರುತ್ತೇನೆಯೆ? ಓದು ಬರದ ಮಾವನಿಗೆ ಬರುವುದು ನನಗೆ ಬಾರದೆ? ಶುಕ್ರವಾರ ಸಂಜೆ ಕಾಗದ ಇಟ್ಟು ನೋಡಿದೆ. ಅದು ತುಂಡಾಗದೆ ಮಡಚಿಕೊಂಡಿತು. ಮೊಂಡಾಗಿದೆ ಎಂದು ತೀರ್ಮಾನಿಸಿ, ಕೆಳಗಿನ ಪಟ್ಟಿಯನ್ನು ಬಿಚ್ಚಿ ಕುಲುಮೆಗೆ ಒಯ್ದೆ.

"ಇದೇನ್ ಕುಯ್ಯೋದು ಸ್ವಾಮಿ?" ಎಂದ ಕಮ್ಮಾರ.

"ಹುಲ್ಲು."

"ಅಂಗಾರೆ ಅಲ್ಲು ಆಕ್ಬೇಕು. ಅಲ್ಲಿಲ್ದಿದ್ರೆ ಅದೂ ಒಂದು ಕುಡ್ಲಾ?"

ನ್ಯಾಯವಾದ ಮಾತೆನಿಸಿತು. ನಮ್ಮ ಕಡೆ ಭತ್ತ ಕೊಯ್ಯುವ ಕುಡುಗೋಲಿಗೆಲ್ಲ ಹಲ್ಲಿರುತ್ತದಲ್ಲ! ಅವನು ಪಟ್ಟಿಯನ್ನು ಕಾಯಿಸಿ ಉದ್ದಕ್ಕೂ ಹಲ್ಲು ಕೊರೆದ. ಮುಕ್ಕಾಲು ಗಂಟೆ ಹಿಡಿಯಿತು. ಒಟ್ಟು ನೂರ ಹನ್ನೆರಡು ಹಲ್ಲು. ಹೆಮ್ಮೆಯಿಂದ ಎಣಿಸಿ ಬರೆದುಕೊಂಡೆ.

ಶನಿವಾರ ಮಾವ ಬರುವ ಮೊದಲೇ ಮಿಷನ್ನು ತಳ್ಳಿದೆ. ಅದು ಕರಕರನೆ ಅರಚಿ, ಹುಲ್ಲನ್ನು ಬೇರು ಸಮೇತ ಕಿತ್ತು ಕಿತ್ತು ಎಸೆಯಿತು. ಬಂಗಲೆಯ ಅಂಗಳ ಅರ್ಧ ಕ್ಷೌರಕ್ಕೆ ಎದ್ದು ಓಡಿಬಂದವನ ತಲೆಯಂತಾಯಿತು. ಅಷ್ಟರಲ್ಲಿ ಮಾವ ಬಂದ. ಬಗ್ಗಿ, ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ.

"ಪಕ್ಕದ ತಿರುಪು ಕಾಲ್ ಸುತ್ತು ಬಿಗಿ ಮಾಡಿದ್ರೆ ಸಾಕಿತ್ತು ಕಣ್ಲಾ." ಬೈಯಲೂ ಇಲ್ಲ.

ಅಧಿಕಾರಿಗಳ ಕಾರು ಬಂತು. "ಯಾರು ಮಾಡಿದ್ದು ಇದು?" ಎಂದರು. ಉತ್ತರ ನನ್ನ ಜೇಬಿನ ದಿನಚರಿಯಲ್ಲೇ ಇತ್ತು, ತಾರೀಖು ವೇಳೆ ಸಮೇತ. ಅದರ ಪಕ್ಕದಲ್ಲೇ ನನ್ನ ಕೆಲಸ ಕಾಯಂ ಮಾಡಬೇಕೆಂಬ ಅರ್ಜಿಯೂ ಇತ್ತು. ನಾನು ನೆಲ ನೋಡಿದೆ.

"ನಾನೇ ಬುದ್ಧಿ. ವಯಸ್ಸಾಯ್ತು, ಕಣ್ಣು ಕಾಣಾಕಿಲ್ಲ" ಎಂದ ಮಾವ.

ಕಣ್ಣು ಕಾಣದವನಿಗೆ ಮಿಷನ್ನು ಯಾಕೆಂದು, ಮಾವನನ್ನು ಅಡಿಗೆಮನೆಗೆ ನೀರು ಸೇದಲು ಹಾಕಿದರು. ಮಿಷನ್ನನ್ನು ಮಂಡ್ಯಕ್ಕೆ ಕಳಿಸಿದರು. ಗಾಡಿಗೆ ಏರಿಸುವ ಮುಂಚೆ ಮಾವ ಅದನ್ನು ಉಜ್ಜಿ, ಒರೆಸಿ, ಹಲ್ಲಿನ ಸಂದು ಸಂದಿಗೂ ಎಣ್ಣೆ ಬಿಟ್ಟು, ಗೋಣಿತಾಟು ಸುತ್ತಿದ. "ಮಳೆ ಬಂದ್ರೆ ಮದ್ದೂರಲ್ಲಿ ನಿಲ್ಸ್ಬುಡಪ್ಪ, ನೆನೀಬಾರ್ದು" ಎಂದು ಗಾಡಿಯವನಿಗೆ ಹೇಳಿದ.

ನನ್ನ ಕೆಲಸ ಕಾಯಂ ಆಯಿತು. ಅತ್ತೆ ಈಗಲೂ ದಿನಾ, "ಒಂದ್ ಮಿಸನ್ನ ಕಾಯಾಕಾಗ್ನಿಲ್ಲ" ಎಂದು ಮಾವನನ್ನು ಹಂಗಿಸುತ್ತಾಳೆ. ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸುತ್ತೇನೆ. ಮಾವ ನನ್ನ ಕಡೆ ನೋಡದೆ ಸಾರಿನ ತಪ್ಪಲೆ ಸರಿಸುತ್ತಾನೆ.

"ಉಣ್ಲಾ. ಆರೋಯ್ತದೆ."

ಆ ಮಿಷನ್ನು ಈಗ ಮಂಡ್ಯದ ಯಾವ ಉಗ್ರಾಣದಲ್ಲಿದೆ, ಅದಕ್ಕೆ ಎಣ್ಣೆ ಹಾಕುವವರಿದ್ದಾರೆಯೇ ಎಂದು ಬಲ್ಲವರು ದಯವಿಟ್ಟು ಎರಡು ಸಾಲು ಬರೆಯಬೇಕು. ಮಾವನಿಗೆ ಓದಿ ಹೇಳುತ್ತೇನೆ. ನಿಮ್ಮ ಕಾಗದ ಬರುವುದರೊಳಗೆ ಈ ಬರಹವನ್ನು ಅತ್ತೆಯ ಎದುರಿಗೆ ಓದಿ ಮುಗಿಸಿರುತ್ತೇನೆ.