ಸ್ಟೇರಿಂಗ್ ಮೇಲಿಂದ ಬೆರಳೆತ್ತುವ ಕುರಿತು

ಕಾಟನ್‌ವುಡ್ ಫೋರ್ಕ್ ನಗರಸಭೆ, ಮೊಂಟಾನಾ
ನೆರೆಹೊರೆ ಸೌಹಾರ್ದ ವಿಭಾಗ
(ಹಳೆಯ ರೈಲು ನಿಲ್ದಾಣದ ಅಟ್ಟ, ಕಾಫಿ ಅಂಗಡಿಯ ಮೇಲೆ)

ಸುತ್ತೋಲೆ ಸಂಖ್ಯೆ: ನೆಸೌವಿ/ಬೆರಳು/ತಿದ್ದುಪಡಿಯ ತಿದ್ದುಪಡಿ

ವಿಷಯ: ಎದುರು ಬರುವ ವಾಹನದವರಿಗೆ ಸ್ಟೇರಿಂಗ್ ಬಿಡದೆ ಬೆರಳೆತ್ತಿ ವಂದಿಸುವ ಪದ್ಧತಿಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: (ಅ) ಕೆಳಸಹಿದಾರರು ಕೆಳಸಹಿದಾರರಿಗೇ ಸಲ್ಲಿಸಿದ ದೂರು. (ಆ) ಸದರಿ ದೂರನ್ನು ಗಂಭೀರವಾಗಿ ಪರಿಗಣಿಸಿ ಕೆಳಸಹಿದಾರರು ಬರೆದ ಟಿಪ್ಪಣಿ. (ಇ) ಸಾರ್ವಜನಿಕ ಅಹವಾಲು ಸಭೆ. ಹಾಜರಿದ್ದವರು ಇಬ್ಬರು, ಅವರಲ್ಲೊಬ್ಬರು ಚಳಿ ಕಾಯಿಸಿಕೊಳ್ಳಲು ಒಳಬಂದವರು.

ಪ್ರಸ್ತಾವನೆ:

ಈ ಕಣಿವೆಯಲ್ಲಿ ಬೆಳ್ಳಿ ಗಣಿ ಇದ್ದ ಕಾಲದಿಂದಲೂ ಎದುರಾದವರಿಗೆ ತೋರುಬೆರಳೆತ್ತುವ ರೂಢಿಯಿದೆ. ಗಣಿ ಬರಿದಾಗಿ ಕಾಲೇಜು ಬಂದಾಗಲೂ ಬೆರಳು ನಿಲ್ಲಲಿಲ್ಲ. ಈಚೆಗೆ ಕಾಲೇಜು ಹಿಗ್ಗಿ, ದನ ಮೇಯುತ್ತಿದ್ದ ಕಡೆ ಅಪಾರ್ಟ್‌ಮೆಂಟುಗಳೆದ್ದು, ಯಾರು ಯಾರಿಗೆ ಬೆರಳೆತ್ತಬೇಕೆಂಬುದೇ ಗೊಂದಲವಾಗಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ.

ಕೆಳಸಹಿದಾರರಾದ ವೆಂಡೆಲ್ ಟಿಬೆಟ್ಸ್ ಅವರು ಒಹಾಯೋದಿಂದ ಓದಲು ಬಂದು, ಚಳಿಗಾಲವನ್ನು ಹಿಮದಲ್ಲಿ ಜಾರುವುದಕ್ಕೂ ಬೇಸಿಗೆಯನ್ನು ಹೊಳೆಯಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಿ ಕೂರುವುದಕ್ಕೂ ಮೀಸಲಿಟ್ಟು, ಹೇಗೋ ಪದವಿ ಪಡೆದು, ವಾಪಸ್ಸು ಹೋಗುವುದನ್ನು ಮರೆತವರು. ಮದುವೆ, ಮಕ್ಕಳು, ಮಂಡಿನೋವು ಎಲ್ಲವೂ ಅವರಿಗೆ ಇಲ್ಲೇ ಆಗಿದೆ. ಆದರೆ ದಿನ ಬೆಳಿಗ್ಗೆ ಜಲ್ಲಿರಸ್ತೆಯಲ್ಲಿ ಎದುರಾಗುವ ನೆರೆಯ ದನದ ಸಾಕಣೆದಾರ ಲೈಲ್ ಹಾಲ್ವರ್ಸನ್ ಅವರು ಈತನಕ ಒಮ್ಮೆಯೂ ಬೆರಳೆತ್ತಿಲ್ಲ. ಆ ಬೆರಳು ಏಳದೆ ತಾನು ಈ ಊರಿನವನಾಗಲಾರೆ ಎಂದು ಕೆಳಸಹಿದಾರರು ನಂಬಿದ್ದಾರೆ. ಇದಕ್ಕೆ ಔಷಧವಿಲ್ಲವೆಂದು ಅವರ ಪತ್ನಿ ಖಚಿತಪಡಿಸಿರುತ್ತಾರೆ.

ಆದ್ದರಿಂದ ಸಮಸ್ತ ನಾಗರಿಕರ ಅವಗಾಹನೆಗೆ ಕೆಳಕಂಡಂತೆ ವಿಧಿಸಲಾಗಿದೆ:

1. ಎತ್ತತಕ್ಕದ್ದು ತೋರುಬೆರಳನ್ನು ಮಾತ್ರ. ಅದರ ಪಕ್ಕದ ನಡುಬೆರಳು ಪೊಲೀಸ್ ಇಲಾಖೆಯ ವ್ಯಾಪ್ತಿಗೆ ಒಳಪಡುತ್ತದೆ.

2. ಬೆರಳು ಏಳಬೇಕು, ಮುಖ ಬದಲಾಗಬಾರದು. ಕ್ಯಾಲಿಫೋರ್ನಿಯಾದಿಂದ ಹೊಸದಾಗಿ ಬಂದವರು ಕಿಟಕಿಯಿಂದ ಇಡೀ ಕೈ ಹೊರಹಾಕಿ ಬೀಸುತ್ತಿರುವುದು ಕಂಡುಬಂದಿದ್ದು, ಹಾಗೆ ಬೀಸುವುದನ್ನು ನೀರಿನಲ್ಲಿ ಮುಳುಗುತ್ತಿರುವವರಿಗೆ ಮಾತ್ರ ಅನುಮತಿಸಲಾಗಿದೆ.

3. ರಸ್ತೆಗಳು ಕೂಡುವಲ್ಲಿ ಕಟ್ಟಿದ ಹೊಸ ವೃತ್ತದಲ್ಲಿ ಬೆರಳೆತ್ತುವುದನ್ನು ನಿಷೇಧಿಸಲಾಗಿದೆ. ಒಬ್ಬ ಹಿರಿಯರು ಎಲ್ಲರಿಗೂ ಮರ್ಯಾದೆ ಸಲ್ಲಿಸುತ್ತಾ ಹೊರಹೋಗುವ ದಾರಿ ತಪ್ಪಿಸಿಕೊಂಡು ಸುತ್ತುತ್ತಲೇ ಇದ್ದು, ಪೆಟ್ರೋಲ್ ಮುಗಿದ ಬಳಿಕವೇ ಅವರನ್ನು ಇಳಿಸಿಕೊಳ್ಳಲು ಸಾಧ್ಯವಾಯಿತು.

4. ಕಾಲೇಜಿನ ಫುಟ್‌ಬಾಲ್ ಪಂದ್ಯವಿರುವ ಶನಿವಾರಗಳಂದು ಒಮ್ಮೆ ಎತ್ತಿದ ಬೆರಳು ಇಡೀ ಟ್ರಾಫಿಕ್ ಜಾಮಿಗೆ ಊರ್ಜಿತವಾಗಿರುತ್ತದೆ.

5. ಕಾಡಿನಲ್ಲಿ ಹಕಲ್‌ಬೆರಿ ಹಣ್ಣು ಆಯ್ದು ಬರುವವರು ನೇರಳೆ ಬಣ್ಣ ಹತ್ತಿದ ಬೆರಳನ್ನು ಎತ್ತಬೇಕಾಗಿಲ್ಲ. ಹಣ್ಣು ಸಿಗುವ ಜಾಗವನ್ನು ಸ್ವಂತ ಅಣ್ಣತಮ್ಮಂದಿರಿಗೂ ಹೇಳದ ಊರಿನಲ್ಲಿ ಇಂಥ ಸಾಕ್ಷ್ಯ ಒದಗಿಸಲು ಯಾರನ್ನೂ ಒತ್ತಾಯಿಸಲಾಗದು. ಅಂಥವರು ಗಂಟಲು ಸರಿಪಡಿಸಿಕೊಂಡರೆ ಸಾಕು.

6. ಗುಡ್ಡದ ಮೇಲೆ ಕಲ್ಲು ಜೋಡಿಸಿ ಬರೆದ, ಕಾಲೇಜಿನ ಹೆಸರಿನ ದೊಡ್ಡ ಮೊದಲಕ್ಷರಕ್ಕೆ ಸುಣ್ಣ ಬಳಿಯಲು ಹೋಗುವ ಹೊಸ ವಿದ್ಯಾರ್ಥಿಗಳಿಗೆ ಬೆರಳೆತ್ತುವುದರಿಂದ ವಿನಾಯಿತಿ ಇದೆ. ಅವರ ಜೊತೆ ಹತ್ತಿ, ಕಣಿವೆಯತ್ತ ನೋಡಿ, "ಇಲ್ಲೇ ಒಂದು ತುಂಡು ಜಾಗ ಸಿಕ್ಕಿದ್ರೆ!" ಎಂದು ನಿಟ್ಟುಸಿರಿಡುವ ತಂದೆತಾಯಿಗಳನ್ನು ಮಾತ್ರ ತಕ್ಷಣ ಕೆಳಗಿಳಿಸತಕ್ಕದ್ದು. ಕೆಳಸಹಿದಾರರ ತಾಯಿಯನ್ನು ಇಳಿಸುವುದು ತಡವಾದ್ದರಿಂದ ಅವರು ಈಗ ಇಲ್ಲೇ ಇದ್ದಾರೆ.

7. ತಾನು ಬಂದ ಮರುವರ್ಷದಿಂದಲೇ ಊರು ಕೆಟ್ಟಿತು ಎಂದು ಯಾರೂ ಸಾರುವಂತಿಲ್ಲ. ಈ ಇಲಾಖೆಯ ಸಿಬ್ಬಂದಿ ಊಟದ ಬಿಡುವಿನಲ್ಲಿ ಸಾರಬಹುದು.

8. ಬೆರಳೆತ್ತದವರಿಗೆ ನೋಟಿಸು ಕೊಡತಕ್ಕದ್ದು. ಅಹವಾಲು ಸಭೆಯಲ್ಲಿ ಕೆಳಗಿನ ಕಾಫಿ ಅಂಗಡಿಯ ಒಡತಿ ಜೋಲೀನ್ ಮಕ್ಯಾಡೂ ಅವರು ಆಕ್ಷೇಪಿಸಿ, "ಅಯ್ಯೋ ವೆಂಡೆಲ್, ಇದಕ್ಕೆಲ್ಲ ಸುತ್ತೋಲೆ ಯಾಕೋ ಮಾರಾಯ? ಗಾಡಿ ನಿಲ್ಲಿಸಿ ಅವನನ್ನೇ ಒಂದು ಮಾತು ಕೇಳಬಾರದಾ?" ಎಂದಿರುತ್ತಾರೆ. ಅಂಥ ವಿಧಾನವು ನಿಯಮಾವಳಿಯಲ್ಲಿ ಕಂಡುಬರದ ಕಾರಣ ಸಲಹೆಯನ್ನು ತಿರಸ್ಕರಿಸಲಾಯಿತು.

9. ಅದರಂತೆ ಮೊದಲ ನೋಟಿಸನ್ನು ಶ್ರೀ ಹಾಲ್ವರ್ಸನ್ ಅವರಿಗೆ ಅವರ ಗೇಟಿನ ಬಳಿ ಕೆಳಸಹಿದಾರರು ಖುದ್ದಾಗಿ ನೀಡಿದರು. ಅವರು ಚಳಿಯ ಕೈಗವುಸು ತೆಗೆದು ಕಾಗದ ಪಡೆಯುವಾಗ, ಬಲಗೈಯ ತೋರುಬೆರಳು ಬುಡದ ಒಂದು ಗೆಣ್ಣಷ್ಟು ತುಂಡು ಬಿಟ್ಟರೆ ಉಳಿದದ್ದು ಇಲ್ಲದಿರುವುದು ಗೋಚರವಾಯಿತು. ವಿಚಾರಿಸಲಾಗಿ, ಕೆಳಸಹಿದಾರರು ಈ ಊರಿಗೆ ಬರುವ ಮೊದಲೇ ಅದನ್ನು ಒಣಹುಲ್ಲು ಕಟ್ಟುವ ಯಂತ್ರ ಕಿತ್ತುಕೊಂಡಿರುತ್ತದೆ. ನೋಟಿಸನ್ನು ಎರಡು ಸಲ ಓದಿ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ದಿನಾ ಎತ್ತುತ್ತಾನೇ ಇದ್ದೀನಲ್ಲೋ! ಇರೋದೇ ಇಷ್ಟುದ್ದ, ಇದ್ದಷ್ಟನ್ನ ಎತ್ತುತ್ತೀನಿ. ನೀನೇ ಮುಖ ಗಂಟು ಹಾಕ್ಕೊಂಡು ಭರ್‌ ಅಂತ ಹೋಗ್ತಿದ್ದೆ. ಕಾಲೇಜು ಕಡೆ ಹುಡುಗ, ನನ್ನಂಥೋನ ಮೇಲೆ ಏನೋ ಸಿಟ್ಟಿರಬೇಕು ಅಂದ್ಕೊಂಡೆ. ಇವತ್ತಲ್ಲ ನಾಳೆ ತಿರುಗಿ ನೋಡ್ತಾನೆ ಅಂತ ನಾನಂತೂ ಬಿಡಲಿಲ್ಲ ಕಣೋ."

10. ಈ ಹೇಳಿಕೆಯ ಬಳಿಕ ಕೆಳಸಹಿದಾರರಿಗೆ ಬಹಳ ನಾಚಿಕೆಯಾಗಿರುತ್ತದೆ, ಅದಕ್ಕಿಂತ ಹೆಚ್ಚು ಸಂತೋಷವಾಗಿರುತ್ತದೆ. ಎರಡನ್ನೂ ಕಡತಕ್ಕೆ ಸೇರಿಸಿಕೊಳ್ಳಲಾಗಿದೆ. ನೋಟಿಸನ್ನು ಹಿಂಪಡೆಯಲಾಗಿದ್ದು, ಮೇಲಿನ ನಿಯಮಗಳು ಜಾರಿಗೆ ಬರುವ ಮುನ್ನವೇ ರದ್ದಾಗಿವೆ.

(ಸಹಿ)
ವೆಂಡೆಲ್ ಟಿಬೆಟ್ಸ್
ಮುಖ್ಯಸ್ಥರು ಹಾಗೂ ಏಕೈಕ ಸಿಬ್ಬಂದಿ, ನೆರೆಹೊರೆ ಸೌಹಾರ್ದ ವಿಭಾಗ

ಪ್ರತಿಗಳು:
ಮೇಯರ್ ಅವರಿಗೆ, ಓದಬೇಕಾಗಿಲ್ಲವೆಂಬ ಸೂಚನೆಯೊಂದಿಗೆ.
ಶ್ರೀಮತಿ ಜೋಲೀನ್ ಮಕ್ಯಾಡೂ ಅವರಿಗೆ, "ನಾನು ಹೇಳಿರಲಿಲ್ವಾ?" ಎನ್ನಬಾರದೆಂಬ ಕೋರಿಕೆಯೊಂದಿಗೆ.
ಶ್ರೀ ಲೈಲ್ ಹಾಲ್ವರ್ಸನ್ ಅವರಿಗೆ, ಪ್ರತಿ ಬೇಡವೆಂದಿರುತ್ತಾರೆ.
ಕೆಳಸಹಿದಾರರಿಗೆ, ನಾಳೆ ಬೆಳಿಗ್ಗೆ ಜಲ್ಲಿರಸ್ತೆಯಲ್ಲಿ ನಿಧಾನವಾಗಿ ಹೋಗಿ, ಕಣ್ಣುಬಿಟ್ಟು ನೋಡುವ ಸಲುವಾಗಿ.