ಕುರ್ಚಿಯ ಕಾಲು, ಕೇಳುಗರ ಮಂಡಿ

ಹಳೇ ಕುರ್ಚಿ, ಮೇಜು, ಪಿಂಗಾಣಿ, ಬೆಳ್ಳಿ ಚಮಚಗಳ ಬಗ್ಗೆ ಭಾಷಣ ಮಾಡುತ್ತಾ ಊರೂರು ತಿರುಗುವ ಹೆಂಗಸಿಗೆ ನಗೆಪಾಟಲಾಗುವ ಅವಕಾಶಗಳಿಗೆ ಬರವಿಲ್ಲ. ಒಂದು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ.

ನಾನು ಮೈಸೂರಿನವಳು. ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರಾಗಿದ್ದು ನಿವೃತ್ತಳಾದವಳು. ರೋಗಿಗಳ ಮನೆಗೆ ಹೋದಾಗ ಅವರ ನಾಡಿ ಹಿಡಿದುಕೊಂಡೇ ಕಣ್ಣು ಮಾತ್ರ ಅವರಜ್ಜನ ಕಾಲದ ಬೀರುವಿನ ಮೇಲೆ ಇಡುವ ಚಟ ನನಗೆ ಮೊದಲಿನಿಂದಲೂ ಇತ್ತು. ಕೆಲಸ ಬಿಟ್ಟ ಮೇಲೆ ಆ ಚಟವನ್ನೇ ಓದಿ, ಕಲಿತು, ಕ್ಲಬ್ಬುಗಳಲ್ಲಿ ಭಾಷಣ ಮಾಡಲು ಶುರು ಮಾಡಿದೆ. ಈ ದೇಶದಲ್ಲಿ ನಿವೃತ್ತರಾದವರೆಲ್ಲ ತಿಂಗಳಿಗೊಮ್ಮೆ ಒಂದು ಹಾಲ್‌ನಲ್ಲಿ ಸೇರಿ, ಹಳೇ ಬಂಗಲೆಗಳ ಬಗ್ಗೆ ಯಾರಾದರೂ ಹೇಳುವುದನ್ನು ಕೇಳಿ, ಟೀ ಕುಡಿದು ಮನೆಗೆ ಹೋಗುತ್ತಾರೆ. ಒಳ್ಳೆಯ ಅಭ್ಯಾಸ.

ನನಗೆ ಒಂದೇ ಆಸೆ ಇತ್ತು. ಇಂಥ ಕ್ಲಬ್ಬುಗಳಿಗೆಲ್ಲ ಸೇರಿ ಒಂದು ದೊಡ್ಡ ಸಂಘವಿದೆ. ಅದರ ಪರೀಕ್ಷಕರು ಬಂದು ನಮ್ಮ ಭಾಷಣ ಕೇಳಿ ಒಪ್ಪಿದರೆ ಮಾತ್ರ ನಾವು ಅಧಿಕೃತ ಭಾಷಣಕಾರರು. ಅಲ್ಲಿಯವರೆಗೆ ನಾನು 'ಕುರ್ಚಿ ಹುಚ್ಚು ಹಿಡಿದ ಡಾಕ್ಟರಮ್ಮ' ಅಷ್ಟೇ. ಈ ಹೆಸರಿನಿಂದ ನನಗೆ ಮುಕ್ತಿ ಬೇಕಾಗಿತ್ತು.

ಸೂಜಿ ಇಲ್ಲದ ಅರಿವಳಿಕೆ

ಮೊದಲ ಭಾಷಣ ನಮ್ಮ ಬಡಾವಣೆಯ ಚರ್ಚ್ ಹಾಲ್‌ನಲ್ಲಿ. ಮಧ್ಯಾಹ್ನ ಊಟವಾದ ಹೊತ್ತು. ಹೊರಗೆ ಚಳಿ, ಒಳಗೆ ಹೀಟರ್. ಸ್ಲೈಡ್ ಕಾಣಬೇಕೆಂದು ದೀಪ ಆರಿಸಿದರು. ನಾನು ಮೂರನೇ ಟೀಪಾಟ್ ತೋರಿಸುವಷ್ಟರಲ್ಲಿ ಮುಂದಿನ ಸಾಲು ಪೂರ್ತಿ ಒರಗಿತ್ತು. ಐದನೇ ಟೀಪಾಟ್‌ಗೆ ಹಿಂದಿನ ಸಾಲಿನಿಂದ ಗೊರಕೆ ಕೇಳಿಸಿತು. ದೀಪ ಹಾಕಿದ ತಕ್ಷಣ ಎಲ್ಲರೂ ಎಚ್ಚರವಾಗಿ ಭರ್ಜರಿ ಚಪ್ಪಾಳೆ ಹೊಡೆದರು. ಗೊರಕೆ ಹೊಡೆದ ಮಹಾಶಯರಂತೂ ಬಂದು ಕೈ ಕುಲುಕಿ, "ಈ ವರ್ಷ ಕೇಳಿದ್ದರಲ್ಲಿ ಇದೇ ಶ್ರೇಷ್ಠ" ಅಂದರು.

ನನ್ನ ಯಜಮಾನರು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದವರು. ಅವರೂ ಕೊನೆಯ ಸಾಲಿನಲ್ಲಿ ಕೂತಿದ್ದರು. ಕಾರಿನಲ್ಲಿ ಬರುವಾಗ ರೇಡಿಯೋ ಹಾಕಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಹೇಗಿತ್ತು, ಹೇಳಬಾರದಾ?"

"ಏನು ಹೇಳಲಿ? ನನ್ನ ಸರ್ವೀಸಿನಲ್ಲಿ ಸೂಜಿ ಚುಚ್ಚಿ, ಗ್ಯಾಸ್ ಕೊಟ್ಟು, ಒಂದ್ಸಲಕ್ಕೆ ಒಬ್ಬರನ್ನ ಮಲಗಿಸ್ತಿದ್ದೆ. ನೀನು ಒಂದು ಟೀಪಾಟ್ ತೋರಿಸಿ ಇಡೀ ಹಾಲನ್ನೇ ಮಲಗಿಸಿದೆ. ಎದ್ದ ಮೇಲೆ ಒಬ್ಬರಿಗೂ ವಾಂತಿ ಇಲ್ಲ, ತಲೆಸುತ್ತು ಇಲ್ಲ. ಇದು ಮೊದಲೇ ಗೊತ್ತಿದ್ದಿದ್ರೆ ನಿನ್ನನ್ನೇ ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗ್ತಿದ್ದೆ."

ಯಾರಾದರೂ ಪ್ರಶ್ನೆ ಕೇಳುವಿರಾ?

ನಿದ್ದೆಯಾದರೂ ಪರವಾಗಿಲ್ಲ. ನನಗೆ ಭಯವಿದ್ದದ್ದು ಕೊನೆಯ ಪ್ರಶ್ನೋತ್ತರದ್ದು. ನಾನು ಡಾಕ್ಟರ್ ಅನ್ನುವುದು ನನಗಿಂತ ಮೊದಲೇ ಹಾಲ್ ತಲುಪಿರುತ್ತದೆ.

ಬರ್ಮಿಂಗ್‌ಹ್ಯಾಮ್‌ನ ಒಂದು ಕ್ಲಬ್ಬಿನಲ್ಲಿ ಕುರ್ಚಿಗಳ ಕಾಲಿನ ಬಗ್ಗೆ ಮಾತಾಡಿದೆ. ನೇರ ಕಾಲು, ಬಿಲ್ಲಿನಂತೆ ಬಾಗಿದ ಕಾಲು, ಹುಲಿ ಉಗುರಿನ ಪಾದ ಎಲ್ಲ ಹೇಳಿ, "ಪ್ರಶ್ನೆಗಳಿವೆಯೇ?" ಅಂದೆ. ಮೊದಲ ಕೈ ಎದ್ದಿತು. ಹೊಸ ಬಿಪಿ ಮಾತ್ರೆಯಿಂದ ಕೆಮ್ಮು ಬರುತ್ತದೆಯೇ ಅಂತ. ಎರಡನೆಯವರಿಗೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಮೂರನೆಯದಾಗಿ ಮುತ್ತಿನ ಹಾರ ಹಾಕಿದ್ದ ಅಜ್ಜಿಯೊಬ್ಬರು ಗಂಭೀರವಾಗಿ ಎದ್ದು ನಿಂತು, "ನೀವು ತೋರಿಸಿದ ಆ ಬಾಗಿದ ಕಾಲು…" ಎಂದು ಶುರು ಮಾಡಿದರು. ಅಬ್ಬಾ, ಕೊನೆಗೂ ಕುರ್ಚಿಯ ಪ್ರಶ್ನೆ ಬಂತಲ್ಲ ಎಂದು ನನಗೆ ಜೀವ ಬಂದಂತಾಯಿತು.

"…ನನ್ನ ಎಡಗಾಲೂ ಅದೇ ರೀತಿ ಬಾಗುತ್ತಿದೆ ಡಾಕ್ಟರ್. ಮಂಡಿ ನೋವು ತಡೆಯಲಾಗುತ್ತಿಲ್ಲ" ಎಂದರು.

ನಾನು ಆದಷ್ಟು ವಿನಯದಿಂದ, "ಅಮ್ಮ, ನಾನು ನಿವೃತ್ತಳಾಗಿದ್ದೇನೆ. ದಯವಿಟ್ಟು ನಿಮ್ಮ ಜಿಪಿಯನ್ನು ಕೇಳಿ" ಎಂದೆ.

"ಜಿಪಿ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ನಾನೇ ಪುರಾತನ ವಸ್ತುವಾಗಿರುತ್ತೇನೆ. ನೀವಾದರೆ ಪ್ರತಿ ತಿಂಗಳೂ ಎಲ್ಲಾದರೂ ಒಂದು ಕಡೆ ಸಿಗುತ್ತೀರಿ. ಜೊತೆಗೆ ಟೀ, ಬಿಸ್ಕತ್ತೂ ಕೊಡುತ್ತಾರೆ" ಎಂದರು ಅಜ್ಜಿ.

ಮನೆತನದ ಪಾತ್ರೆ

ಹೊರ ಊರಿನಿಂದ ಬಂದ ಭಾಷಣಕಾರರನ್ನು ಇಲ್ಲಿ ಹೋಟೆಲಿಗೆ ಕಳಿಸುವುದಿಲ್ಲ. ಕ್ಲಬ್ಬಿನ ಸದಸ್ಯರೊಬ್ಬರ ಮನೆಯಲ್ಲೇ ಇಳಿಸುತ್ತಾರೆ. ಲೀಡ್ಸ್‌ನ ಕ್ಲಬ್ಬಿನಲ್ಲಿ ಬೆನ್ನುಬೆನ್ನಿಗೆ ಎರಡು ದಿನ ಭಾಷಣವಿದ್ದಾಗ ಹೆಡಿಂಗ್ಲೀಯಲ್ಲಿ ಅದರ ಕಾರ್ಯದರ್ಶಿಯವರ ಮನೆಯಲ್ಲಿ ಉಳಿದೆ. ಗಂಡ ಹೆಂಡತಿ ಇಬ್ಬರೂ ಬಲು ಸಜ್ಜನರು. ನಾನು ಸಸ್ಯಾಹಾರಿ ಅಂತ ಕೇಳಿ ಕುಂಬಳಕಾಯಿಯಲ್ಲೇ ನಾಲ್ಕು ಬಗೆ ಮಾಡಿದ್ದರು.

ಊಟವಾದ ಮೇಲೆ ಸೇಬಿನ ಪೈ ಬಂತು. ಅದರ ಹಿಂದೆಯೇ ಕಾರ್ಯದರ್ಶಿಗಳು ಎರಡೂ ಕೈಯಲ್ಲಿ ಒಂದು ಹಿತ್ತಾಳೆ ಪಾತ್ರೆ ಹಿಡಿದುಕೊಂಡು, ಆರತಿ ತಟ್ಟೆ ತರುವಷ್ಟು ಭಕ್ತಿಯಿಂದ ಬಂದರು. ಸಣ್ಣ ಸೊಂಟ, ಅಗಲವಾದ ಬಾಯಿ, ಅಂಚಿನಲ್ಲಿ ಹೂವಿನ ಕೆತ್ತನೆ. ಅದರ ತುಂಬ ಪೈಯ ಮೇಲೆ ಸುರಿದುಕೊಳ್ಳುವ ಬಿಸಿ ಕಸ್ಟರ್ಡ್.

"ನಮ್ಮ ಮುತ್ತಜ್ಜ ನಿಮ್ಮ ದೇಶದಲ್ಲಿದ್ದಾಗ ಯಾರೋ ನವಾಬರು ಕೊಟ್ಟಿದ್ದಂತೆ. ಅಂದಿನಿಂದ ನಮ್ಮ ಮನೆಯಲ್ಲಿ ವಿಶೇಷ ಅತಿಥಿ ಬಂದಾಗ ಮಾತ್ರ ಇದನ್ನು ಹೊರಗೆ ತೆಗೆಯುತ್ತೇವೆ" ಎಂದರು.

ನೋಡಿದ ತಕ್ಷಣ ನನಗೆ ಗುರುತು ಸಿಕ್ಕಿತು. ಅದು ಪೀಕದಾನಿ. ನವಾಬರು ಎಲೆ ಅಡಿಕೆ ಜಗಿದು ಉಗಿಯುತ್ತಿದ್ದ ಪಾತ್ರೆ. ನಾಲ್ಕು ತಲೆಮಾರು ಅದರಲ್ಲಿ ಕಸ್ಟರ್ಡ್ ತಿಂದಿದೆ! ಹೇಳಿದರೆ ಆ ಮನೆತನದ ಮಾನ ಹೋಗುತ್ತದೆ, ಹೇಳದಿದ್ದರೆ ಕಸ್ಟರ್ಡ್ ನನ್ನ ತಟ್ಟೆಗೆ ಬರುತ್ತದೆ. ನನಗೆ ಹಾಲು ಒಗ್ಗುವುದಿಲ್ಲ ಎಂದು ಸುಳ್ಳು ಹೇಳಿ ಬರೀ ಪೈಯ ಮೂಲೆ ಮುರಿದುಕೊಂಡೆ.

ಅವರು ಬಿಡಲಿಲ್ಲ. "ನೀವು ಇದನ್ನೆಲ್ಲ ಓದಿದವರು. ನಿಮ್ಮ ದೇಶದಲ್ಲಿ ಇದನ್ನು ಯಾವಾಗ ಬಳಸುತ್ತಾರೆ?" ಎಂದು ಕೇಳಿದರು.

ಈ ಸಲ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಮ್ಮಲ್ಲೂ ಊಟ ಆದ ಮೇಲೇ ಬಳಸುವುದು" ಎಂದೆ.

ಅವರ ಮುಖ ಅರಳಿತು. "ನೋಡಿದೆಯಾ, ನಾನು ಹೇಳಿರಲಿಲ್ವಾ?" ಎಂದು ಹೆಂಡತಿಗೆ ಹೇಳಿ, ಇನ್ನೆರಡು ಸೌಟು ಹಾಕಿಕೊಂಡರು.

ಬಾಗಿಲಲ್ಲಿ ಬಿಟ್ಟದ್ದು

ಆ ಕಾರ್ಯದರ್ಶಿಗಳೇ ಸಂಘಕ್ಕೆ ಫೋನ್ ಮಾಡಿ, ಇಷ್ಟು ತಿಳಿದವರನ್ನು ಹೊರಗೆ ಬಿಡಬಾರದು ಎಂದು ನನ್ನ ಪರೀಕ್ಷೆಗೆ ದಿನ ಗೊತ್ತು ಮಾಡಿಸಿದರು. ಪೀಕದಾನಿಯ ಪುಣ್ಯ! ಕೊವೆಂಟ್ರಿ ಹತ್ತಿರದ ಒಂದು ಹಳೇ ಬಂಗಲೆಯ ದೊಡ್ಡ ಹಜಾರದಲ್ಲಿ ಭಾಷಣ. ವಿಷಯ, ಆ ಮನೆಯದೇ ಕುರ್ಚಿಗಳು ಮತ್ತು ರತ್ನಗಂಬಳಿ. ಪರೀಕ್ಷಕಿ ಬೆಳ್ಳಿ ಕೂದಲಿನ ಎತ್ತರದ ಮಹಿಳೆ. ಅವರು ನಕ್ಕಿದ್ದನ್ನು ನೋಡಿದ ಭಾಷಣಕಾರರು ಯಾರೂ ಬದುಕಿಲ್ಲ ಎಂದು ಪ್ರತೀತಿ.

ಹಿಂದಿನ ದಿನ ನೋಡಿದರೆ ಅರ್ಧ ಟಿಕೆಟ್ಟೂ ಹೋಗಿಲ್ಲ. ಖಾಲಿ ಹಾಲ್‌ನಲ್ಲಿ ಪರೀಕ್ಷೆಯೇ! ನನಗೆ ಅಳು ಬಂತು. ಯಜಮಾನರು, "ಸುಮ್ನಿರು, ಹಾಲ್ ತುಂಬಿಸೋದು ನನಗೆ ಬಿಡು" ಎಂದು ಕೊವೆಂಟ್ರಿಯ ಕನ್ನಡದವರಿಗೆಲ್ಲ ಫೋನ್ ಮಾಡಿದರು. ಮಾರನೆಯ ದಿನ ಒಂದು ಕೋಚ್ ಬಸ್ಸಿನಲ್ಲಿ ಎಂಜಿನಿಯರುಗಳು, ಅವರ ಹೆಂಡಿರು, ಊರಿಂದ ಬಂದಿದ್ದ ಅಪ್ಪ ಅಮ್ಮಂದಿರು ಎಲ್ಲ ಬಂದಿಳಿದರು. ನಾನು ಒಳಗೆ ಪ್ರೊಜೆಕ್ಟರ್ ಜೊತೆ ಗುದ್ದಾಡುತ್ತಿದ್ದೆ. ಬಾಗಿಲಲ್ಲಿ ಆದದ್ದೆಲ್ಲ ಯಜಮಾನರು ಆಮೇಲೆ ಹೇಳಿದ್ದು.

ಗುಂಪಿನ ಮುಂದೆ ಒಬ್ಬ ಎಂಜಿನಿಯರ್‌ನ ತಾಯಿ ಇದ್ದರು, ಎಲ್ಲರ ಬಾಯಲ್ಲೂ 'ಅಮ್ಮಿ'. ಹುಬ್ಬಳ್ಳಿಯವರು. ಹೊಸ್ತಿಲ ಮುಂದೆ ನಿಂತು ಒಳಗೆ ಹಾಸಿದ್ದ ರತ್ನಗಂಬಳಿ ನೋಡಿ, "ಯಾ ಅಲ್ಲಾ! ಇಷ್ಟು ಛಲೋ ಗಾಲೀಚಾ ಹಾಸ್ಯಾರ, ಚಪ್ಪಲ್ ಹಾಕ್ಕೊಂಡು ಹೆಂಗ ತುಳೀಲಿ?" ಎಂದು ಹೆಬ್ಬೆರಳಿನ ಉಂಗುರದ ತೊಗಲು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟರು. ಹಿರಿಯರು ಬಿಟ್ಟ ಮೇಲೆ ಉಳಿದವರು ಹಾಕಿಕೊಂಡು ಹೋಗುವುದುಂಟೇ? ಇಡೀ ಬಸ್ಸು ಬರಿಗಾಲಾಯಿತು.

ಅವರ ಹಿಂದೆ ಇಂಗ್ಲಿಷಿನವರು ಬಂದರು. ಸಾಲು ಕಂಡರೆ ನಿಲ್ಲುವವರು, ನಿಯಮ ಕಂಡರೆ ಪಾಲಿಸುವವರು, ಕಾರಣ ಕೇಳುವುದು ಮಾತ್ರ ಅಸಭ್ಯತೆ ಎಂದು ತಿಳಿದವರು. ಜೋಡುಗಳ ರಾಶಿ ನೋಡಿ, ಬಂಗಲೆಯ ಹೊಸ ನಿಯಮವಿರಬೇಕು ಎಂದುಕೊಂಡು ಸದ್ದಿಲ್ಲದೆ ಬೂಟಿನ ಲೇಸು ಬಿಚ್ಚಿದರು. ಬಾಗಿಲು ಕಾಯುವವರು ಇದು ಭಾಷಣಕಾರರ ಅಪ್ಪಣೆ ಎಂದುಕೊಂಡರು. ಕೊನೆಗೆ ಬಂದ ಪರೀಕ್ಷಕಿಯೂ ಒಂದು ಕ್ಷಣ ತಡೆದು, ತಮ್ಮ ಕಪ್ಪು ಬೂಟು ಕಳಚಿ ಒಳಗೆ ಬಂದು ಮೊದಲ ಸಾಲಿನಲ್ಲಿ ಕೂತರು. ಅವರ ಬಲಗಾಲಿನ ಕಾಲುಚೀಲ ಹರಿದು ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ನೋಡಬಾರದೆಂದು ನಾನು ಭಾಷಣದುದ್ದಕ್ಕೂ ಛಾವಣಿ ನೋಡಿಕೊಂಡೇ ಮಾತಾಡಿದೆ.

ಅಂದು ಒಬ್ಬರೂ ನಿದ್ದೆ ಮಾಡಲಿಲ್ಲ. ಹಜಾರದ ಚಳಿಗೆ ಪಾದ ಮರಗಟ್ಟುತ್ತಿದ್ದರೆ ಯಾರಿಗೆ ನಿದ್ದೆ ಬರುತ್ತದೆ? ಇನ್ನೂ ಆಶ್ಚರ್ಯವೆಂದರೆ ಪ್ರಶ್ನೆಗಳೆಲ್ಲ ರತ್ನಗಂಬಳಿಯದ್ದೇ. ಬರಿಗಾಲಲ್ಲಿ ತುಳಿದ ಮೇಲೆ ಎಲ್ಲರಿಗೂ ಅದರ ಮೇಲೆ ಪ್ರೀತಿ ಹುಟ್ಟಿತ್ತು. ಬಿಪಿ ಇಲ್ಲ, ಮಂಡಿ ಇಲ್ಲ. ನನಗೆ ಗೆದ್ದೆ ಅನ್ನಿಸಿತು.

ಎಲ್ಲ ಸರಿಯಾಗಿತ್ತು, ಬಾಗಿಲಿಗೆ ಬರುವವರೆಗೆ. ಕೋಚ್ ಹೊರಡುತ್ತದೆಂದು ನಮ್ಮವರೆಲ್ಲ ಮೊದಲೇ ಓಡಿದ್ದರು. ಇಂಗ್ಲಿಷಿನವರೂ ಹೋದರು. ಪರೀಕ್ಷಕಿ ಬಾಗಿಲಲ್ಲಿ ನಿಂತಿದ್ದರು. ಅವರ ಕಪ್ಪು ಬೂಟು ಇರಲಿಲ್ಲ. ಅಲ್ಲಿ ಉಳಿದಿದ್ದದ್ದು ಒಂದೇ ಜೊತೆ, ಉಂಗುರದ ಚಪ್ಪಲಿ. ಕನ್ನಡಕ ಮಗನ ಜೇಬಿನಲ್ಲಿ ಬಿಟ್ಟಿದ್ದ ಅಮ್ಮಿ ಅವಸರದಲ್ಲಿ ಪರೀಕ್ಷಕಿಯ ಬೂಟನ್ನೇ ಹಾಕಿಕೊಂಡು ಬಸ್ಸು ಹತ್ತಿದ್ದರು.

ಹೊರಗೆ ಮಳೆ. ಪರೀಕ್ಷಕಿಗೆ ರೈಲಿನ ಹೊತ್ತಾಗಿತ್ತು. ಅವರು ಆ ಚಪ್ಪಲಿಗೆ ಕಾಲು ತೂರಿಸಿದರು. ಬಲಗಾಲಿಗೆ ಕಷ್ಟವಾಗಲಿಲ್ಲ, ಹೆಬ್ಬೆರಳು ಮೊದಲೇ ಹೊರಗಿತ್ತಲ್ಲ. ಎಡಗಾಲಿನ ಕಾಲುಚೀಲವನ್ನು ಮಾತ್ರ ಕಳಚಿ ಕೈಚೀಲಕ್ಕೆ ಹಾಕಿಕೊಂಡು, ಪಟಪಟ ಸದ್ದು ಮಾಡುತ್ತಾ ಟ್ಯಾಕ್ಸಿ ಹತ್ತಿದರು. ನನ್ನ ಕನಸೂ ಅದೇ ಟ್ಯಾಕ್ಸಿಯಲ್ಲಿ ಹೋಯಿತು ಎಂದು ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಸಂಜೆ ಅಮ್ಮಿಗೆ ಫೋನ್ ಮಾಡಿದೆ. "ಡಾಕ್ಟರ್ ಬಾಯಿ, ಈ ಬೂಟ್ ಭಾಳ ಮೆತ್ತಗ ಅದಾವರೀ. ಯಾರವು?" ಎಂದರು. ಅಷ್ಟು ಹೊತ್ತಿಗೆ ಅವನ್ನು ಹಾಕಿಕೊಂಡು ಪಾರ್ಕು ಸುತ್ತಿ ಬಂದಿದ್ದರಂತೆ.

ವಾರ ಕಳೆದ ಮೇಲೆ ಪರೀಕ್ಷಕಿಯ ಫೋನ್ ಬಂತು. ಹಲೋ ಅಂದವಳೇ ಕ್ಷಮೆ ಕೇಳಲು ಶುರು ಮಾಡಿದೆ. ಅವರು ತಡೆದರು.

"ನಿಮ್ಮನ್ನು ಒಪ್ಪಿದ್ದೇವೆ. ರತ್ನಗಂಬಳಿಯ ಮೇಲೆ ಅಷ್ಟು ಕಾಳಜಿ ತೋರಿಸಿದ ಭಾಷಣಕಾರರನ್ನು ನಾನು ನೋಡಿಲ್ಲ. ಇನ್ನು ಮುಂದೆ ನೀವು ಸಂಘದ ಅಧಿಕೃತ ಭಾಷಣಕಾರರು."

ನಾನು ಫೋನಿಗೆ ಕೈ ಅಡ್ಡ ಹಿಡಿದು, "ಪಾಸಾದೆ ಕಣ್ರೀ!" ಎಂದು ಯಜಮಾನರಿಗೆ ಕೂಗಿ ಹೇಳಿದೆ. ಆಮೇಲೆ, "ನಿಮ್ಮ ಬೂಟು ಆ ಚಪ್ಪಲಿಯ ಒಡತಿಯ ಹತ್ತಿರ ಇದೆ. ಇಂದೇ ಕಳಿಸಿಕೊಡುತ್ತೇನೆ" ಎಂದೆ.

"ಬೇಡ. ಆಕೆಯೇ ಇಟ್ಟುಕೊಳ್ಳಲಿ. ಚಪ್ಪಲಿ ನಾನು ಕೊಡುವುದಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿದರು. "ಅಂದ ಹಾಗೆ, ನೀವು ಮೊದಲು ಡಾಕ್ಟರಾಗಿದ್ದಿರಂತೆ. ಇದನ್ನು ಹಾಕಿಕೊಂಡಾಗಿನಿಂದ ನನ್ನ ಬಲಗಡೆಯ ಮಂಡಿ ನೋವು ಎಷ್ಟೋ ವಾಸಿ. ಎಡಗಡೆಯದು ಮಾತ್ರ…"

ನಾನು ಒಂದು ಕುರ್ಚಿ ಎಳೆದುಕೊಂಡು ಕೂತೆ.

"ಮೆಟ್ಟಿಲು ಹತ್ತುವಾಗ ನೋವೋ, ಇಳಿಯುವಾಗಲೋ?" ಎಂದು ಕೇಳಿದೆ.